ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು: ಒಂದು ಶಾಲಾ ಪ್ರವಾಸದ ಪ್ರಕರಣ ಅಧ್ಯಯನ

ಡಿಸೆಂಬರ್ ಮೊದಲ ವಾರ, ಸಂಜೆ 5.30. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. ಕವಿಶೈಲದ ಬಂಡೆಗಳ ಮೇಲೆ ನಮ್ಮ ಒಂಬತ್ತನೇ ತರಗತಿಯ 36 ಮಕ್ಕಳನ್ನು ಕೂರಿಸಿದ್ದೆವು. ಎದುರಿಗೆ ಕಣಿವೆ, ಅದರಾಚೆ ಒಂದರ ಹಿಂದೊಂದು ಬೆಟ್ಟದ ಸಾಲು. ಬಯಲುಸೀಮೆಯಿಂದ ಬಂದ ನಮಗೆ ಅಷ್ಟು ಹಸಿರನ್ನು ಒಟ್ಟಿಗೆ ನೋಡಿ ಅಭ್ಯಾಸವೇ ಇಲ್ಲ.

ನಾನು ಎದ್ದು ನಿಂತು ಹೇಳಿದೆ: "ಇನ್ನು ಇಪ್ಪತ್ತು ನಿಮಿಷ ಯಾರೂ ಮಾತಾಡಬಾರದು. ಸೂರ್ಯ ಇಳಿಯೋದನ್ನ ನೋಡಿ. ಮನಸ್ಸಿಗೆ ಏನನ್ನಿಸಿತು ಅಂತ ಆಮೇಲೆ ಒಂದು ಪುಟ ಬರೀಬೇಕು."

ನಾಲ್ಕನೇ ನಿಮಿಷಕ್ಕೆ ಮುಂದಿನ ಸಾಲಿನ ಇಬ್ಬರು ಹುಡುಗಿಯರಿಗೆ ನಗು ಬಂತು. ಅದು ಪಕ್ಕದವರಿಗೆ ಹಬ್ಬಿತು. ಯಾರೋ ಒಬ್ಬ ಸಣ್ಣ ಕಲ್ಲು ಎಸೆದ. ಏಳನೇ ನಿಮಿಷಕ್ಕೆ ಕೆಳಗೆ ಇನ್ನೊಂದು ಪ್ರವಾಸದ ಬಸ್ ಬಂತು, ಅದರಿಂದ ಹಾಡು ಜೋರಾಗಿ ಕೇಳಿಸಿತು. ಒಂಬತ್ತನೇ ನಿಮಿಷಕ್ಕೆ ನನ್ನ ತಾಳ್ಮೆ ಹೋಯಿತು. "ಎಲ್ಲಾರೂ ಬಾಯಿ ಮೇಲೆ ಬೆರಳು!" ಎಂದು ಕೂಗಿದೆ. ಹದಿನಾಲ್ಕು ವರ್ಷದ 36 ಮಕ್ಕಳು ಒಂದನೇ ತರಗತಿಯವರ ಹಾಗೆ ಬಾಯಿ ಮೇಲೆ ಬೆರಳಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಬೆಟ್ಟವನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು.

ಅಲ್ಲಿಗೇ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಅದೇ ಮಕ್ಕಳು ಇಪ್ಪತ್ತೊಂದು ನಿಮಿಷ ಕೂತರು. ಆ ಸಂಜೆಗೂ ಬೆಳಿಗ್ಗೆಗೂ ನಡುವೆ ಏನು ಬದಲಾಯಿತು ಎನ್ನುವುದನ್ನು ಆದಷ್ಟು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಶಿಕ್ಷಕರಿಗೆ ಉಪಯೋಗವಾಗಲಿ ಎಂಬುದೇ ಉದ್ದೇಶ. ಶಾಲೆಯ ಹೆಸರು, ಮಕ್ಕಳ ಹೆಸರು ಬೇಡ.

ಹಿನ್ನೆಲೆ

ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ಪ್ರೌಢಶಾಲೆ. 600 ಮಿಲಿಮೀಟರ್ ಮಳೆ ಕಂಡರೆ ಅದೇ ನಮಗೆ ಒಳ್ಳೆ ವರ್ಷ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ ಎಂದು ಪಾಠ ಮಾಡಿದರೆ ಮಕ್ಕಳಿಗೆ ಅದೊಂದು ಸಂಖ್ಯೆ ಅಷ್ಟೇ. ಕಾಡು ಅಂದರೆ ಅವರಿಗೆ ಕುರುಚಲು, ಜಾಲಿ. ಜಾಸ್ತಿ ನೀರು ಅಂದರೆ ಮಾರಿಕಣಿವೆ ಜಲಾಶಯ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಅದು ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗಿತ್ತು. ಈ ಮಕ್ಕಳೂ ಅಪ್ಪನ ಹೆಗಲ ಮೇಲೋ ಟ್ರ್ಯಾಕ್ಟರ್ ಟ್ರೇಲರ್‌ನಲ್ಲೋ ಹೋಗಿ ಬಂದವರೇ.

ಪ್ರವಾಸ ಮೂರು ದಿನದ್ದು. 19 ಹುಡುಗಿಯರು, 17 ಹುಡುಗರು, ಇಬ್ಬರು ಶಿಕ್ಷಕಿಯರು, ಪಿಟಿ ಮೇಷ್ಟ್ರು ಮತ್ತು ವಿಜ್ಞಾನ ಕಲಿಸುವ ನಾನು. ಉಳಿದುಕೊಂಡದ್ದು ಕುಪ್ಪಳಿಯಿಂದ ಸ್ವಲ್ಪ ದೂರದಲ್ಲಿ, ಸಹೋದ್ಯೋಗಿಯೊಬ್ಬರ ಅಕ್ಕನ ತೋಟದ ಮನೆಯಲ್ಲಿ. ಹುಡುಗಿಯರಿಗೆ ಮನೆಯ ಮಹಡಿ, ಹುಡುಗರಿಗೆ ಅಡಿಕೆ ಅಂಗಳದ ಪಕ್ಕದ ಶೆಡ್ಡು.

ಸುಮ್ಮನೆ ಕೂರಿಸುವ ಯೋಚನೆ ನನ್ನದು. ಹೊರಾಂಗಣ ಶಿಕ್ಷಣದಲ್ಲಿ ಇದು ಹಳೆಯ ಪದ್ಧತಿ. ಕರ್ಟ್ ಹಾನ್ ಎಂಬ ಶಿಕ್ಷಣ ತಜ್ಞರು ಮತ್ತು ಅವರ ಜೊತೆಯವರು 1941ರಲ್ಲಿ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶುರು ಮಾಡಿದರು. ಯುದ್ಧದ ಕಾಲದಲ್ಲಿ ಹಡಗಿನ ಎಳೆಯ ನಾವಿಕರನ್ನು ಗಟ್ಟಿ ಮಾಡಲು ಹುಟ್ಟಿದ ಶಾಲೆ ಅದು. ಮುಂದೆ ಅದರ ಶಿಬಿರಗಳಲ್ಲಿ 'ಸೋಲೋ' ಎಂಬ ಭಾಗ ಬಂತು. ಒಬ್ಬೊಬ್ಬರೇ ಕಾಡಿನಲ್ಲಿ, ಕೆಲವೊಮ್ಮೆ ಒಂದು ದಿನಕ್ಕೂ ಹೆಚ್ಚು, ಏನೂ ಮಾಡದೆ ಇರುವುದು. ಅಷ್ಟು ದೊಡ್ಡದು ನಮ್ಮಿಂದ ಆಗದು, ಆಗಲೂಬಾರದು. ಆದರೆ ಇಪ್ಪತ್ತು ನಿಮಿಷ ಕೊಡಬಹುದಲ್ವಾ ಅಂದುಕೊಂಡೆ.

ಇನ್ನೊಂದು ಕಾರಣವೂ ಇತ್ತು. ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲಾನ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಒಂದು ಮಾತು ಹೇಳಿದ್ದಾರೆ. ಪಾಠ ಕೇಳಲು, ಲೆಕ್ಕ ಮಾಡಲು ಬಲವಂತದಿಂದ ಗಮನ ಕೊಡುತ್ತೇವಲ್ಲ, ಆ ಶಕ್ತಿ ದಣಿಯುತ್ತದೆ. ಹರಿಯುವ ನೀರು, ಅಲುಗುವ ಎಲೆ, ಮೋಡ ಇವು ಬಲವಂತವಿಲ್ಲದೆ ಗಮನ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದದ್ದಕ್ಕೆ ವಿಶ್ರಾಂತಿ ಸಿಗುತ್ತದೆ. ಎಸ್‌ಎಸ್‌ಎಲ್‌ಸಿ ಹತ್ತಿರ ಬರುತ್ತಿರುವ ಮಕ್ಕಳಿಗೆ ಇದು ಬೇಕು ಅನ್ನಿಸಿತ್ತು.

ಸಂಜೆ ಕೆಟ್ಟದ್ದು ಯಾಕೆ

ರಾತ್ರಿ ಊಟವಾದ ಮೇಲೆ ನಾವು ನಾಲ್ವರೂ ಜಗಲಿಯಲ್ಲಿ ಕೂತು ಮಾತಾಡಿದೆವು. ಮೊದಲಿಗೆ "ಈಗಿನ ಮಕ್ಕಳಿಗೆ ಮೊಬೈಲ್ ಹುಚ್ಚು, ಕೂರೋದಕ್ಕೇ ಆಗಲ್ಲ" ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ಸುಮ್ಮನೆ ಕೂರುವುದು ದೊಡ್ಡವರಿಗೂ ಕಷ್ಟ. ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಖಾಲಿ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಗಳ ಜೊತೆ ಒಬ್ಬರೇ ಇರಬೇಕು. ಬೇಕಾದರೆ ಗುಂಡಿ ಒತ್ತಿ ತಮಗೆ ತಾವೇ ಸಣ್ಣ ಕರೆಂಟ್ ಶಾಕ್ ಕೊಟ್ಟುಕೊಳ್ಳಬಹುದು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಒಮ್ಮೆಯಾದರೂ ಗುಂಡಿ ಒತ್ತಿದರು. ಅವರೆಲ್ಲ ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದವರು! ಬೆಳಗಿನ ಜಾವ 5ಕ್ಕೆ ಬಸ್ ಹತ್ತಿ, ಸಕ್ರೆಬೈಲಿನಲ್ಲಿ ಆನೆ ನೋಡಿ, ದಿನವಿಡೀ ಕುಣಿದು, ಹಸಿದುಕೊಂಡು ಬಂದ ಮಕ್ಕಳನ್ನು ಬೈಯುವುದು ನ್ಯಾಯವಲ್ಲ.

ಹಸಿವು ನಮ್ಮ ಮೊದಲ ತಪ್ಪು. ಟೀ, ಮಂಡಕ್ಕಿ ಆಮೇಲೆ ಕೊಡೋಣ ಎಂದು ಮುಂದೂಡಿದ್ದೆವು.

ಎರಡನೆಯದು ಜಾಗ ಮತ್ತು ಹೊತ್ತು. ಕವಿಶೈಲ ಸುಮ್ಮನೆ ಕೂರಲು ಹೇಳಿ ಮಾಡಿಸಿದ ಜಾಗ. ಕುವೆಂಪು ಕೂರುತ್ತಿದ್ದದ್ದು ಅಲ್ಲಿಯೇ, ಅವರ ಸಮಾಧಿ ಇರುವುದೂ ಅಲ್ಲಿಯೇ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಅಲ್ಲಿಗೇ ಬರುತ್ತಾರೆ. ಬಂದವರದ್ದು ತಪ್ಪಲ್ಲ, ಆ ಹೊತ್ತನ್ನು ಆರಿಸಿದ ನನ್ನದು.

ಮೂರನೆಯದು, ಭುಜಕ್ಕೆ ಭುಜ ತಾಗಿಸಿ ಕೂರಿಸಿದ್ದು. ಪಕ್ಕದವಳ ಹೊಟ್ಟೆ ಗುರ್ ಅಂದರೂ ಕೇಳಿಸುವಷ್ಟು ಹತ್ತಿರ ಕೂತರೆ ನಗು ಬರದೆ ಇರುತ್ತದೆಯೇ?

ಇವೆಲ್ಲ ಸರಿಪಡಿಸಬಹುದಾದ ತಪ್ಪುಗಳು. ನನ್ನನ್ನು ನಿದ್ದೆಗೆಡಿಸಿದ್ದು ಆ ಬೆರಳುಗಳು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಮೌನ ಪರಿಚಯವಾಗುವುದೇ ಹಾಗೆ. ಕೈ ಕಟ್ಟು, ಬಾಯಿ ಮುಚ್ಚು, ಬೆರಳಿಡು. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಲು ಕ್ಲಾಸ್ ಲೀಡರ್ ಇರುತ್ತಾನೆ. ಮೌನ ಅಂದರೆ ಶಿಕ್ಷೆ, ಇಲ್ಲವೇ ಶಿಕ್ಷೆಯ ಮೊದಲಿನ ಹೊತ್ತು. ಹತ್ತು ವರ್ಷ ಹೀಗೆ ಕಲಿಸಿ, ಒಂದು ಸಂಜೆ ಬೆಟ್ಟದ ಮೇಲೆ ನಿಲ್ಲಿಸಿ "ಈಗ ಮೌನವನ್ನು ಅನುಭವಿಸಿ" ಅಂದರೆ ಅವರು ಏನು ಮಾಡಬೇಕು? ಮೇಷ್ಟ್ರ ಮುಖ ನೋಡುತ್ತಾರೆ. ಅದನ್ನೇ ಮಾಡಿದರು.

ಜೊತೆಗೆ ಆ ಒಂದು ಪುಟ. ರಾತ್ರಿ 36 ಪುಟಗಳನ್ನೂ ಓದಿದೆವು. ಮುಕ್ಕಾಲು ಪಾಲು ಪುಟಗಳಲ್ಲಿ "ಪ್ರಕೃತಿ ಮಾತೆಯ ಮಡಿಲು", "ಪ್ರಕೃತಿ ದೇವರು ಕೊಟ್ಟ ವರ". ಪ್ರಬಂಧದ ಗೈಡಿನ ವಾಕ್ಯಗಳು, ಅಕ್ಷರ ಮಾತ್ರ ಬೇರೆ ಬೇರೆ. ನಾಲ್ಕನೇ ನಿಮಿಷದಿಂದ ನಗುತ್ತಲೇ ಇದ್ದ ಹುಡುಗಿ "ನನ್ನ ಮನಸ್ಸು ಶಾಂತವಾಯಿತು" ಎಂದು ಬರೆದಿದ್ದಳು. ಅವಳು ಸುಳ್ಳು ಹೇಳಿದಳು ಎಂದು ನಾನು ಅನ್ನುವುದಿಲ್ಲ. ನಾವು ಕೇಳಿದ್ದನ್ನು ಕೊಟ್ಟಳು. ಬರೆಯಬೇಕು ಎಂದು ಗೊತ್ತಾದ ಕ್ಷಣದಿಂದ ಮಕ್ಕಳು ನೋಡುವುದನ್ನು ಬಿಟ್ಟು ವಾಕ್ಯ ಹುಡುಕತೊಡಗಿದ್ದರು.

ಎರಡು ಪುಟ ಮಾತ್ರ ಬೇರೆ ಇದ್ದವು. ಒಬ್ಬ ಬರೆದಿದ್ದ: "ಕಾಲು ಜುಂ ಅಂತು. ಟೀ ಯಾವಾಗ ಕೊಡ್ತಾರೆ ಅಂತ ಯೋಚನೆ ಮಾಡಿದೆ." ಇನ್ನೊಬ್ಬನದು ಎರಡೇ ಸಾಲು: "ಕೆಳಗೆ ಎರಡು ಹಕ್ಕಿ ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಗಾಳಿ ಪಡುವಲಿಂದ ಬಂತು."

ಈ ಎರಡನೆಯವನು ಕೊನೆ ಬೆಂಚಿನ ಹುಡುಗ. ಮನೆಯಲ್ಲಿ ಕುರಿ ಇವೆ. ರಜೆ ಬಂದರೆ ಕುರಿ ಹಿಂದೆ ಹೋಗುತ್ತಾನೆ. ಪಿಟಿ ಮೇಷ್ಟ್ರು ನೆನಪಿಸಿಕೊಂಡರು: "ಅವನೊಬ್ಬ ಅಲ್ಲಾಡಲೇ ಇಲ್ಲ ಕಣ್ರೀ." ಶೆಡ್ಡಿನಿಂದ ಕರೆಸಿ ಕೇಳಿದೆವು. ಏನೋ ತಪ್ಪು ಮಾಡಿದೆನೇನೋ ಎಂದು ಹೆದರಿಕೊಂಡೇ ಬಂದ. ವಿಷಯ ಗೊತ್ತಾದ ಮೇಲೆ ಹೇಳಿದ: "ಕುರಿ ಬಿಟ್ಕಂಡು ದಿನಾ ಹಿಂಗೇ ಕುಂತಿರ್ತೀವಿ ಸಾ. ಕಣ್ಣಿಗೊಂದು ಗಿಡ ಗುರ್ತು ಮಾಡ್ಕಬೇಕು. ಅದ್ನ ನೋಡ್ತಾ ಇದ್ರೆ ಸುತ್ತಲಿಂದೂ ತಾನೇ ಕಾಣುಸ್ತದೆ."

ವೇಲ್ಸ್‌ನ ಶಾಲೆಯ ಬಗ್ಗೆ ಓದಿಕೊಂಡಿದ್ದ ನಾನು, ನನ್ನದೇ ತರಗತಿಯಲ್ಲಿ ದಿನವಿಡೀ ಸುಮ್ಮನೆ ಕೂರಬಲ್ಲ ಹುಡುಗನಿದ್ದಾನೆ ಎಂದು ತಿಳಿದುಕೊಂಡಿರಲಿಲ್ಲ. ಅವನು ಹೇಳಿದ ಗಿಡದ ಗುರುತೇ ನಮ್ಮ ಮರುದಿನದ ಯೋಜನೆಯ ಮೊದಲ ಸಾಲಾಯಿತು.

ಬೆಳಿಗ್ಗೆಗೆ ಮಾಡಿಕೊಂಡ ಬದಲಾವಣೆ

ಮನೆಯ ಹಿಂದೆ ಸೊಪ್ಪಿನ ಬೆಟ್ಟವಿತ್ತು. ತೋಟಕ್ಕೆ ಸೊಪ್ಪು, ದರಗು ತರುವ ಕಾಡು ಅದು. ಅಲ್ಲೇ ಮರಗಳ ಕೆಳಗೆ ಕೂರಿಸೋಣ ಅಂದುಕೊಂಡೆವು. ಮನೆಯ ಯಜಮಾನರು ಬೇಡವೇ ಬೇಡ ಅಂದರು. ಕಾರಣ ಮಂಗನ ಕಾಯಿಲೆ.

ಮಲೆನಾಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಹೊರಗಿನ ಶಿಕ್ಷಕರಿಗೆ ಇದು ಗೊತ್ತಿರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ವೈರಸ್ ಕಾಯಿಲೆ ಇದು. ಹರಡುವುದು ಉಣುಗುಗಳಿಂದ. ಒಣಗಿದ ಎಲೆಗಳ ನಡುವೆ ಇರುವ ಮರಿ ಉಣುಗು ಕಣ್ಣಿಗೆ ಕಾಣುವುದೇ ಕಷ್ಟ. ಕಾಯಿಲೆ ಹೆಚ್ಚಾಗುವ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ಸರಿಯಾಗಿ ಶಾಲಾ ಪ್ರವಾಸದ ಕಾಲ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಹೋಗಲೇಬಾರದು, ತಕ್ಷಣ ಆರೋಗ್ಯ ಇಲಾಖೆಗೆ ತಿಳಿಸಬೇಕು. ಎಲೆ ರಾಶಿಯ ಮೇಲೆ ಮಕ್ಕಳನ್ನು ಕೂರಿಸಿ "ಭೂಮಿಯನ್ನು ಸ್ಪರ್ಶಿಸಿ" ಎನ್ನುವುದು ಕೇಳಲು ಚೆನ್ನಾಗಿರುತ್ತದೆ. ಆ ಜಾಗದಲ್ಲಿ, ಆ ತಿಂಗಳಲ್ಲಿ ಅದು ಅಪಾಯ. ನಮ್ಮ ಯೋಜನೆಯ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಯಜಮಾನರು ಇಲ್ಲದಿದ್ದರೆ ನಾವು ಹೋಗಿ ಕೂತೇ ಬಿಡುತ್ತಿದ್ದೆವು.

ಅವರೇ ಜಾಗ ತೋರಿಸಿದರು. ತೋಟ ಮುಗಿದ ಮೇಲೆ ಹಳ್ಳ, ಹಳ್ಳದ ದಂಡೆಯಲ್ಲಿ ಅಗಲವಾದ ಬಂಡೆಗಳು, ಆಚೆಗೆ ಕೊಯ್ಲಾದ ಗದ್ದೆ. ಡಿಸೆಂಬರ್ ಆದ್ದರಿಂದ ನೀರು ಹಿಮ್ಮಡಿಯಷ್ಟೇ. ಪಿಟಿ ಮೇಷ್ಟ್ರು ಟಾರ್ಚ್ ಹಿಡಿದು ರಾತ್ರಿಯೇ ಒಮ್ಮೆ, ಬೆಳಕು ಹರಿದ ಮೇಲೆ ಇನ್ನೊಮ್ಮೆ ನೋಡಿ ಬಂದರು. ಎಲ್ಲರಿಗೂ ಉದ್ದ ಪ್ಯಾಂಟು, ಸಾಕ್ಸ್. ಬಂದ ಮೇಲೆ ಬಟ್ಟೆ ಕೊಡವಿ, ಮೈ ನೋಡಿಕೊಂಡು, ಬಿಸಿನೀರಿನ ಸ್ನಾನ.

ಕೂರಲು ಒಬ್ಬೊಬ್ಬರಿಗೆ ಒಂದೊಂದು ಅಡಿಕೆ ಹಾಳೆ, ಅಂದರೆ ಅಡಿಕೆ ಗರಿಯ ಬುಡದ ಅಗಲವಾದ ಪಟ್ಟೆ, ಕೊಟ್ಟರು ಮನೆಯ ಅಜ್ಜಿ. ಇದು ನಮಗೆ ಹೊಳೆದಿರಲಿಲ್ಲ. ಬಂಡೆ ಥಂಡಿ ಇರುತ್ತದೆ ಎಂದು ಅವರು ಕೊಟ್ಟದ್ದು. ಆದರೆ ಆ ಹಾಳೆ ಬೇರೊಂದು ಕೆಲಸ ಮಾಡಿತು. "ನಿನ್ನ ಹಾಳೆ ಎಲ್ಲಿ ಹಾಕ್ತೀಯೋ ಅದು ನಿನ್ನ ಜಾಗ" ಅಂದೆವು. ಒಬ್ಬರಿಂದೊಬ್ಬರಿಗೆ ಹತ್ತು ಹೆಜ್ಜೆ ದೂರ, ನಾವು ನಾಲ್ವರಲ್ಲಿ ಒಬ್ಬರಾದರೂ ಕಾಣುವಂತಿರಬೇಕು, ನೀರಿಗೆ ಇಳಿಯುವಂತಿಲ್ಲ. ಇಷ್ಟೇ ನಿಯಮ. ಮಕ್ಕಳು ಜಾಗ ಆರಿಸಲು ತೆಗೆದುಕೊಂಡ ಸಮಯ, ಆ ಗಂಭೀರತೆ ನೋಡಬೇಕಿತ್ತು. ಒಬ್ಬಳು ನಾಲ್ಕು ಸಲ ಹಾಳೆ ಎತ್ತಿ ಬೇರೆ ಕಡೆ ಇಟ್ಟಳು. ಶಾಲೆಯಲ್ಲಿ ಅವರು ಎಲ್ಲಿ ಕೂರಬೇಕು ಎಂದು ಯಾವತ್ತೂ ನಾವೇ ಹೇಳಿರುತ್ತೇವೆ.

ಹೇಳಬೇಕಾದ ಮಾತನ್ನು ರಾತ್ರಿಯೇ ಬರೆದುಕೊಂಡಿದ್ದೆ. ಹಾಗೇ ಕೊಡುತ್ತೇನೆ:

"ನಾವೂ ನಿಮ್ಮ ಜೊತೆ ಕೂರ್ತೀವಿ. ಕಣ್ಣಿಗೆ ಒಂದು ಗಿಡವೋ ಕಲ್ಲೋ ಗುರುತು ಮಾಡ್ಕೊಳ್ಳಿ. ಬೇರೆ ಕಡೆ ನೋಡಿದರೂ ಪರವಾಗಿಲ್ಲ. ಬೇಜಾರಾದರೆ ಆಗಲಿ. ನಿದ್ದೆ ಬಂದರೆ ಬರಲಿ. ಏನೂ ಬರೆಯೋದಿಲ್ಲ. ಆಮೇಲೆ ಯಾರೂ ಏನೂ ಕೇಳೋದಿಲ್ಲ. ಕೂರೋಕೆ ಆಗಲ್ಲ ಅನ್ನಿಸಿದರೆ ಸದ್ದಿಲ್ಲದೆ ಎದ್ದು ಅಂಗಳಕ್ಕೆ ಹೋಗಿ. ಅಲ್ಲಿ ಅಜ್ಜಿ ಅಡಿಕೆ ಸುಲೀತಿರ್ತಾರೆ, ಅವರ ಜೊತೆ ಕೂರಿ. ಅದು ತಪ್ಪಲ್ಲ."

ಕೊನೆಯ ಮೂರು ವಾಕ್ಯ ಶಿಕ್ಷಕಿಯೊಬ್ಬರು ಸೇರಿಸಿದ್ದು. ಎದ್ದು ಹೋಗಲು ದಾರಿ ಇದೆ ಎಂದು ಗೊತ್ತಿದ್ದರೆ ಮಾತ್ರ ಕೂತಿರುವುದು ಅವರ ಆಯ್ಕೆಯಾಗುತ್ತದೆ ಎಂಬುದು ಅವರ ವಾದ. ಸರಿಯಾದ ವಾದ.

ಸಮಯವನ್ನು 12 ನಿಮಿಷಕ್ಕೆ ಇಳಿಸಿದೆವು. ಮೊದಲೇ ಬಿಸಿ ಹಾಲು, ಅವಲಕ್ಕಿ ಕೊಟ್ಟೆವು. ಶುರುವಿಗೆ, ಕೊನೆಗೆ ಹಸುವಿನ ಕೊರಳ ಗಂಟೆ. ನನ್ನ ದನಿ ಬೇಡ ಎಂದು ನಾನೇ ತೀರ್ಮಾನಿಸಿದೆ.

ಆ ಬೆಳಿಗ್ಗೆ

7.10ಕ್ಕೆ ಗಂಟೆ ಬಾರಿಸಿದರು. ಗದ್ದೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕುಟ್ರು ಹಕ್ಕಿ ಒಂದು ಕಡೆ ಶುರು ಮಾಡಿತು, ತೋಟದ ಆಚೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಮೊದಲ ನಾಲ್ಕೈದು ನಿಮಿಷ ಹಿಂದಿನ ಸಂಜೆಯ ಹಾಗೇ ಇತ್ತು. ಕೆಮ್ಮು, ಕಾಲು ಬದಲಿಸುವುದು, ದೂರದ ಗೆಳತಿಯ ಕಡೆ ಕಣ್ಣು. ಮೂವರು ಹುಡುಗರು ಎದ್ದು ಅಂಗಳಕ್ಕೆ ಹೋದರು. ಯಾರೂ ಅವರ ಕಡೆ ತಿರುಗಿ ನೋಡಲಿಲ್ಲ. ನನಗೆ ಮಾತ್ರ ಇನ್ನೂ ಹತ್ತು ಮಂದಿ ಎದ್ದು ಹೋದರೆ ಏನು ಗತಿ ಎಂಬ ಆತಂಕ.

ಯಾರೂ ಹೋಗಲಿಲ್ಲ. ಐದಾರು ನಿಮಿಷ ಕಳೆದ ಮೇಲೆ ಭುಜಗಳು ಇಳಿದವು. ಇದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ. ಬೆನ್ನುಗಳು ಸ್ವಲ್ಪ ಬಾಗಿದವು, ಕೈಗಳು ತೊಡೆಯ ಮೇಲೆ ಸುಮ್ಮನಾದವು. ಕಾಜಾಣವೊಂದು ಬಂದು ಬೇರೆ ಬೇರೆ ಹಕ್ಕಿಗಳ ದನಿಯಲ್ಲಿ ಕೂಗತೊಡಗಿತು. ನಾಲ್ಕೈದು ತಲೆ ಒಟ್ಟಿಗೆ ಮೇಲೆದ್ದವು.

ಎಲ್ಲರೂ ಧ್ಯಾನಸ್ಥರಾಗಿದ್ದರು ಎಂದು ನಾನು ಹೇಳುವುದಿಲ್ಲ. ಇಬ್ಬರು ನಿದ್ದೆ ಹೋಗಿದ್ದರು. ಒಬ್ಬ ಹುಲ್ಲಿನ ಎಸಳನ್ನು ಸೀಳುತ್ತಲೇ ಇದ್ದ. ಒಬ್ಬಳು ಕಲ್ಲಿನ ಮೇಲೆ ಕಲ್ಲು ಜೋಡಿಸುತ್ತಿದ್ದಳು. ಅದೂ ಅವರ ಸಮಯವೇ.

12 ನಿಮಿಷವಾಯಿತು ಎಂದು ನಾನು ಗಂಟೆಗೆ ಕೈ ಹಾಕಿದೆ. ಪಿಟಿ ಮೇಷ್ಟ್ರು ದೂರದಿಂದಲೇ ಬೇಡ ಎಂದು ಕೈ ಆಡಿಸಿದರು. ಕೊನೆಗೆ ಗಂಟೆ ಬಾರಿಸಿದ್ದು 21ನೇ ನಿಮಿಷಕ್ಕೆ, ಬಿಸಿಲು ಹಳ್ಳಕ್ಕೆ ಬಿದ್ದ ಮೇಲೆ.

ಅಷ್ಟರಲ್ಲಿ ಒಂದು ಘಟನೆ ನಡೆದಿತ್ತು. ಹತ್ತನೇ ನಿಮಿಷದ ಹೊತ್ತಿಗೆ ಹಳ್ಳದ ತಿರುವಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಅಳತೊಡಗಿದಳು. ಸದ್ದಿಲ್ಲ, ಬರೀ ಕಣ್ಣೀರು. ನನಗೆ ಎದ್ದು ಓಡಬೇಕು ಅನ್ನಿಸಿತು. ಹತ್ತಿರವಿದ್ದ ಶಿಕ್ಷಕಿ ನಿಧಾನವಾಗಿ ಎದ್ದು, ತಮ್ಮ ಹಾಳೆಯನ್ನು ಅವಳಿಂದ ಎರಡು ಮಾರು ದೂರ ತಂದು ಹಾಕಿ ಕೂತರು. ಮುಟ್ಟಲಿಲ್ಲ, ಏನೂ ಕೇಳಲಿಲ್ಲ. ಅವಳು ಒಮ್ಮೆ ನೋಡಿ ಮತ್ತೆ ನೀರಿನ ಕಡೆ ತಿರುಗಿದಳು. ಗಂಟೆ ಆದ ಮೇಲೆ ಶಿಕ್ಷಕಿ ಹೇಳಿದ್ದು ಒಂದೇ ಮಾತು: "ಹೇಳಬೇಕು ಅನ್ನಿಸಿದಾಗ ನಾನಿದ್ದೀನಿ, ಇಲ್ಲದಿದ್ರೂ ಪರವಾಗಿಲ್ಲ ಪುಟ್ಟಾ." ಎರಡು ವಾರದ ನಂತರ ಶಾಲೆಯಲ್ಲಿ ಅವಳೇ ಬಂದು ಅವರ ಬಳಿ ಮನೆಯ ವಿಷಯ ಹೇಳಿಕೊಂಡಳು. ಅದು ಏನು ಎಂದು ಇಲ್ಲಿ ಬರೆಯುವುದಿಲ್ಲ. ನನಗೂ ಪೂರ್ತಿ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮಕ್ಕಳನ್ನು ಸುಮ್ಮನೆ ಕೂರಿಸುವವರು ಇದಕ್ಕೆ ತಯಾರಾಗಿಯೇ ಹೋಗಬೇಕು. ದಿನದ ಗಲಾಟೆಯಲ್ಲಿ ಅಡಗಿದ್ದದ್ದು ಮೇಲೆ ಬರಬಹುದು. ಆಗ ಯಾರು ಹತ್ತಿರ ಹೋಗುವುದು ಎಂದು ಮೊದಲೇ ಮಾತಾಡಿಕೊಂಡಿರಬೇಕು. ನಾವು ಮಾತಾಡಿಕೊಂಡಿರಲಿಲ್ಲ. ಆ ಶಿಕ್ಷಕಿಯ ತಿಳಿವಳಿಕೆ ನಮ್ಮನ್ನು ಕಾಪಾಡಿತು.

ಆಮೇಲೆ

ಕೊಟ್ಟ ಮಾತಿನಂತೆ ಯಾರೂ ಏನೂ ಕೇಳಲಿಲ್ಲ. ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. "ಹೇಗಿತ್ತು?" ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. ಹಾಳೆಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆವು. ಸ್ನಾನವಾಯಿತು. ಕಡುಬು, ಚಟ್ನಿ ಬಡಿಸಿದರು. ಎರಡನೇ ಕಡುಬಿನ ಹೊತ್ತಿಗೆ ಮಾತು ತಾನಾಗಿ ಶುರುವಾಯಿತು.

"ಹಳ್ಳದ್ದು ಎರಡು ಸದ್ದು ಇದೆ ಸಾರ್. ಕಲ್ಲಿಗೆ ಹೊಡೆಯೋದು ಒಂದು, ಕೆಳಗೆ ಹರಿಯೋದು ಒಂದು."

"ಜೇಡರ ಬಲೆ ಮೇಲೆ ಮಂಜಿನ ಹನಿ ಒಂದೊಂದೇ ಬೀಳ್ತಿತ್ತು, ನಾನು ಹದಿನೇಳು ಎಣಿಸಿದೆ."

"ನಂಗೆ ನಮ್ಮಜ್ಜಿ ನೆನಪಾಯ್ತು." ಇದನ್ನು ಹೇಳಿದವನು ಹಿಂದಿನ ಸಂಜೆ ಕಲ್ಲು ಎಸೆದವನು.

ಪ್ರಕೃತಿ ಮಾತೆಯ ಮಡಿಲು ಒಬ್ಬರ ಬಾಯಲ್ಲೂ ಬರಲಿಲ್ಲ. ಅಂಗಳಕ್ಕೆ ಹೋಗಿದ್ದ ಮೂವರು ಅಜ್ಜಿಯಿಂದ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನು ಕಲಿತು ಬಂದಿದ್ದರು. ತಾವು ಏನೋ ಕಳೆದುಕೊಂಡೆವು ಎಂಬ ಭಾವ ಅವರಲ್ಲೂ ಕಾಣಲಿಲ್ಲ.

ಒಂದು ತಪ್ಪನ್ನು ಮಾತ್ರ ಬೆಳಿಗ್ಗೆಯೂ ಮಾಡಿದೆವು. ಗಿಡ ಗುರುತು ಮಾಡುವ ಉಪಾಯ ಯಾರದು ಎಂದು ಕುರಿ ಕಾಯುವ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಹೇಳಿದೆ. ಹೊಗಳಿಕೆಯೇ ಅದು. ಆದರೆ ಕುಂದಾದ್ರಿಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲಿ ಕೆಲವರು ಅವನನ್ನು "ಕುರಿ ಸ್ವಾಮಿ" ಎಂದು ಕರೆಯತೊಡಗಿದರು. ಅವನು ಕಿಟಕಿಗೆ ತಲೆ ಆನಿಸಿ ಕೂತುಬಿಟ್ಟ. ಕರೆದವರಿಗೆ ಬುದ್ಧಿ ಹೇಳಿದೆ. ಆಮೇಲೆ ಅವನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಮಗು ತನ್ನಷ್ಟಕ್ಕೆ ಇಟ್ಟುಕೊಂಡಿದ್ದನ್ನು ಅವನ ಒಪ್ಪಿಗೆ ಇಲ್ಲದೆ ಎತ್ತಿ ತೋರಿಸುವುದು, ಒಂದು ಪುಟ ಬರೆಯಿರಿ ಎನ್ನುವುದರ ಇನ್ನೊಂದು ರೂಪ ಎಂದು ಆಗ ನನಗೆ ಅರ್ಥವಾಯಿತು.

ಬೆಳಗಿನ ಹೊತ್ತು ಹೀಗೆ ಹೋದದ್ದರಿಂದ ಸಿಬ್ಬಲಗುಡ್ಡೆಯ ಮೀನು ನೋಡುವುದನ್ನು ಬಿಟ್ಟೆವು. ಕೆಲವು ಮಕ್ಕಳಿಗೆ ಬೇಸರವಾಯಿತು. ಪಟ್ಟಿಯಲ್ಲಿದ್ದ ಜಾಗ ಯಾಕೆ ತೋರಿಸಲಿಲ್ಲ ಎಂದು ಇಬ್ಬರು ಪೋಷಕರು ಬಂದು ಕೇಳಿದರು. ಕೇಳಿದ್ದು ನ್ಯಾಯವೇ, ದುಡ್ಡು ಕೊಟ್ಟಿದ್ದಾರೆ. ಮುಂದಿನ ಸಲ ಪಟ್ಟಿಯಲ್ಲೇ ಜಾಗ ಕಡಿಮೆ ಮಾಡಿ, ಯಾಕೆ ಎಂದು ಪೋಷಕರ ಸಭೆಯಲ್ಲಿ ಮೊದಲೇ ಹೇಳಬೇಕು.

ಊರಿಗೆ ಬಂದು ಹತ್ತು ದಿನವಾಗಿತ್ತು. ಹನಿ ಎಣಿಸಿದ್ದ ಹುಡುಗಿ ಸ್ಟಾಫ್ ರೂಮಿಗೆ ಬಂದು ಕೇಳಿದಳು: "ಸಾರ್, ಇಲ್ಲೂ ಹಂಗೆ ಕೂರಬಹುದಾ?" ನಮ್ಮಲ್ಲಿ ಹಳ್ಳವಿಲ್ಲ, ಕಾಜಾಣವಿಲ್ಲ. ಕಾಂಪೌಂಡಿನ ಪಕ್ಕ ಆರು ಹೊಂಗೆ ಮರಗಳಿವೆ. ಶನಿವಾರದ ಬೆಳಗಿನ ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಹತ್ತು ನಿಮಿಷ, ಬರುವವರು ಬರಲಿ, ಹಾಜರಿ ಇಲ್ಲ ಎಂದು ತೀರ್ಮಾನಿಸಿದೆವು. ಮೊದಲ ಶನಿವಾರ ಒಂಬತ್ತು ಮಂದಿ ಬಂದರು, ಜನವರಿ ಕೊನೆಗೆ ಇಪ್ಪತ್ತೆರಡು. ಪರೀಕ್ಷೆ ಹತ್ತಿರವಾದ ಹಾಗೆ ಆರಕ್ಕೆ ಇಳಿಯಿತು. ಆ ಆರು ಮಂದಿಯಲ್ಲಿ ಕುರಿ ಕಾಯುವ ಹುಡುಗ ಇಲ್ಲ. ಶನಿವಾರ ಬೆಳಿಗ್ಗೆ ಅವನು ಕುರಿಗಳನ್ನು ಕೆರೆ ಅಂಗಳಕ್ಕೆ ಬಿಟ್ಟು ಬರಬೇಕು. ಗೇಟಿನ ಹತ್ತಿರ ಬಂದಾಗ ಮರದ ಕೆಳಗೆ ಕೂತವರನ್ನು ನೋಡಿದರೆ ಚಪ್ಪಲಿ ಸದ್ದು ಮಾಡದೆ ಒಳಗೆ ಹೋಗುತ್ತಾನೆ.